ದೂರು ಓದಿ ಆಟ ಆರಿಸಿ: ಲಿಂಬೊ, ಇನ್‌ಸೈಡ್, ಗ್ರಿಸ್ ಮತ್ತು ಅವುಗಳ ಬಳಗ

ಒಂಟಿ ಮಗು, ಮಾತಿಲ್ಲದ ಕತೆ, ಎಡದಿಂದ ಬಲಕ್ಕೆ ಸಾಗುವ ದಾರಿ, ನಡುನಡುವೆ ತಲೆಗೆ ಕೆಲಸ ಕೊಡುವ ಪಜಲ್. ಈ ಜಾತಿಯ ಇಂಡೀ ವಿಡಿಯೋ ಆಟಗಳು, ಅಂದರೆ ಸಣ್ಣ ಸ್ವತಂತ್ರ ತಂಡಗಳು ಮಾಡಿದವು, ಈಗ ರಾಶಿ ರಾಶಿ ಇವೆ. ಕೊಳ್ಳಲು ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಎಲ್ಲದಕ್ಕೂ ಒಳ್ಳೆಯ ಸ್ಕೋರ್ ಇದೆ. ಎಲ್ಲದರ ರಿವ್ಯೂನಲ್ಲೂ ವಾತಾವರಣ ಸೂಪರ್, ಸೌಂಡ್ ಸೂಪರ್ ಅನ್ನುವ ಮಾತಿದೆ. ಹಾಗಾದರೆ ಯಾವುದನ್ನು ಮೊದಲು ಆಡುವುದು?

ಹೊಗಳಿಕೆ ಓದಿ ತೀರ್ಮಾನ ಮಾಡಲು ಆಗುವುದಿಲ್ಲ. ವಿಮರ್ಶಕರು ಈ ಆಟಗಳನ್ನೆಲ್ಲ ಹೆಚ್ಚು ಕಡಿಮೆ ಒಂದೇ ಕಾರಣಕ್ಕೆ ಹೊಗಳಿದ್ದಾರೆ. ಬೈದಿರುವುದು ಮಾತ್ರ ಬೇರೆ ಬೇರೆ ಕಾರಣಕ್ಕೆ. ಒಂದು ತೀರಾ ಚಿಕ್ಕದು, ಇನ್ನೊಂದು ತೀರಾ ಸುಲಭ, ಮತ್ತೊಂದರಲ್ಲಿ ಸುಮ್ಮಸುಮ್ಮನೆ ಸಾಯಿಸುತ್ತಾರೆ. ನಿಮಗೆ ಯಾವ ಆಟ ಹೊಂದುತ್ತದೆ ಅನ್ನುವುದು ಈ ದೂರುಗಳಲ್ಲಿ ಸಿಗುತ್ತದೆ. ತೀರಾ ಸುಲಭ ಅಂತ ಒಬ್ಬರು ಮೂಗು ಮುರಿದ ಆಟವೇ, ಕೆಲಸ ಮುಗಿಸಿ ಸುಸ್ತಾಗಿ ಬಂದ ಇನ್ನೊಬ್ಬರಿಗೆ ಬೇಕಾದ ಆಟ. ಅದಕ್ಕೇ ಇಲ್ಲಿ ಒಂದೊಂದು ಆಟವನ್ನೂ ಅದರ ಮೇಲಿನ ದೂರು ಹಿಡಿದುಕೊಂಡು ನೋಡೋಣ. ಕೊನೆಗಳನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ, ಭಯ ಬೇಡ.

ಲಿಂಬೊ: ಸತ್ತು ಸತ್ತು ಕಲಿಯುವುದು

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ಪ್ಲೇಡೆಡ್ ಸ್ಟುಡಿಯೋ ಇದನ್ನು 2010ರ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಿಡುಗಡೆ ಮಾಡಿತು. ಮರುವರ್ಷ ಪಿಸಿ ಮತ್ತು ಪ್ಲೇಸ್ಟೇಷನ್ 3ಕ್ಕೂ ಬಂತು. ನಿರ್ದೇಶಕ ಅರ್ನ್ಟ್ ಯೆನ್ಸನ್. ಇಡೀ ಆಟ ಕಪ್ಪು-ಬಿಳುಪು. ಹುಡುಗನ ಮುಖ ಕಾಣುವುದಿಲ್ಲ, ಎರಡು ಬಿಳಿ ಕಣ್ಣು ಅಷ್ಟೇ. ಪರದೆಯ ಮೇಲೆ ಪ್ರಾಣದ ಲೆಕ್ಕ ಇಲ್ಲ, ಅಂಕ ಇಲ್ಲ, ಸೂಚನೆಯೂ ಇಲ್ಲ. ಹಿನ್ನೆಲೆಯಲ್ಲಿ ಹಾಡಿನಂಥ ಸಂಗೀತವೂ ಇಲ್ಲ. ಗಾಳಿ, ಎಲ್ಲೋ ಗುಂಯ್‌ಗುಡುವ ವಿದ್ಯುತ್, ಹುಲ್ಲಿನ ಮೇಲೆ ಹೆಜ್ಜೆ. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸಿ ನೂರಕ್ಕೆ ಇಷ್ಟು ಅಂತ ಹೇಳುವ ಮೆಟಾಕ್ರಿಟಿಕ್ ತಾಣದಲ್ಲಿ ಎಕ್ಸ್‌ಬಾಕ್ಸ್ ಆವೃತ್ತಿಗೆ 90 ಬಂತು. ಬಿಡುಗಡೆಗೆ ಮೊದಲೇ, ಅದೇ ವರ್ಷದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ದೃಶ್ಯಕಲೆ ಮತ್ತು ತಾಂತ್ರಿಕತೆ ಎರಡಕ್ಕೂ ಪ್ರಶಸ್ತಿ ಸಿಕ್ಕಿತ್ತು.

ಇಷ್ಟೆಲ್ಲ ಇದ್ದೂ ದೂರುಗಳು ಬಂದವು. ಮೊದಲನೆಯದು ಉದ್ದ ಮತ್ತು ಬೆಲೆ. ಮೂರರಿಂದ ನಾಲ್ಕು ಗಂಟೆಯಲ್ಲಿ ಮುಗಿಯುವ ಆಟಕ್ಕೆ 15 ಡಾಲರ್ ಜಾಸ್ತಿ ಅಲ್ವಾ ಅಂತ ಆಗ ಬಹಳ ಜನ ಕೇಳಿದರು. ಇವತ್ತು ಈ ದೂರಿಗೆ ಅರ್ಥವಿಲ್ಲ. ಆಟ ಹಳೆಯದಾಗಿದೆ, ಆಗಾಗ ಭಾರಿ ರಿಯಾಯಿತಿಯಲ್ಲಿ ಸಿಗುತ್ತದೆ. ಹಳೆಯ ರಿವ್ಯೂ ಓದುವಾಗ ಬೆಲೆಯ ಬಗ್ಗೆ ಬರೆದ ಪ್ಯಾರಾವನ್ನು ಹಾರಿಸಿಬಿಡಿ. ಆ ಕಾರಣಕ್ಕೆ ಕಡಿತವಾದ ಅಂಕವೂ ಇವತ್ತಿನ ಆಟಗಾರನ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ದೂರು ಇವತ್ತಿಗೂ ಜೀವಂತ. ಲಿಂಬೊ ಮೊದಲು ಸಾಯಿಸುತ್ತದೆ, ಆಮೇಲೆ ಹೇಳಿಕೊಡುತ್ತದೆ. ಪ್ಲೇಡೆಡ್‌ನವರೇ ಇದನ್ನು ಟ್ರಯಲ್ ಆ್ಯಂಡ್ ಡೆತ್ ಅಂತ ಕರೆದುಕೊಂಡಿದ್ದಾರೆ. ಒಂದು ಜಾಗ ನೋಡಿ. ಮೇಲಿಂದ ಜಜ್ಜುವ ಭಾರಿ ಯಂತ್ರದ ಕೆಳಗೆ, ನೆಲದ ನಡುವೆ ಸ್ವಲ್ಪ ಉಬ್ಬಿದ ಒಂದು ಹಲಗೆ. ಅದನ್ನು ತುಳಿದರೆ ಯಂತ್ರ ಬೀಳುತ್ತದೆ, ಹುಡುಗ ಅಪ್ಪಚ್ಚಿ. ಸರಿ, ಹಲಗೆ ತುಳಿಯಬಾರದು ಅಂತ ಕಲಿತು ಹಾರಿ ದಾಟುತ್ತೀರಿ. ಮುಂದೆ ಅಂಥದ್ದೇ ಇನ್ನೊಂದು ಯಂತ್ರ. ಕಲಿತ ಪಾಠದಂತೆ ಮತ್ತೆ ಹಾರುತ್ತೀರಿ, ಮತ್ತೆ ಅಪ್ಪಚ್ಚಿ. ಈ ಸಲ ಹಲಗೆಯೇ ಕ್ಷೇಮ, ಸುತ್ತಲಿನ ನೆಲವೇ ಬಲೆ. ಮೊದಲ ಸಲ ಇದನ್ನು ಊಹಿಸಲು ಯಾವ ದಾರಿಯೂ ಇಲ್ಲ.

ಇಲ್ಲಿ ವಿಮರ್ಶಕರು ಎರಡು ಪಾಳಯವಾದರು. ಇದು ಆಟಗಾರನ ಜೊತೆ ಆಡುವ ಕ್ರೂರ ತಮಾಷೆ, ಸತ್ತ ಕೂಡಲೇ ಅಲ್ಲೇ ಪಕ್ಕದಲ್ಲಿ ಎಬ್ಬಿಸುತ್ತಾರಲ್ಲ, ಇನ್ನೇನು ನಷ್ಟ ಅಂದವರು ಹೆಚ್ಚು. ಗೊತ್ತಾಗದ ಬಲೆಗೆ ಬೀಳಿಸುವುದು ಜಾಣತನವಲ್ಲ, ಮೋಸ ಅಂದವರೂ ಇದ್ದರು. ನಾನು ಮೊದಲ ಪಾಳಯದವನು. ಆ ಎರಡನೆಯ ಯಂತ್ರದ ಮುಂದೆ ನಗು ಬಾರದಿದ್ದರೆ ಲಿಂಬೊ ನಿಮಗಲ್ಲ ಅಂತ ಧೈರ್ಯವಾಗಿ ಹೇಳಬಹುದು. ಸಾವು ನೋಡಲಾಗದವರಿಗೆ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಇದೆ, ಅದನ್ನು ಹಾಕಿದರೆ ಸಾಯುವ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಆದರೆ ಎಷ್ಟು ಸಲ ಸಾಯುತ್ತೀರೋ ಅದೇನೂ ಕಡಿಮೆಯಾಗುವುದಿಲ್ಲ.

ಮೂರನೆಯ ದೂರು ನನಗೆ ಎಲ್ಲಕ್ಕಿಂತ ಸರಿ ಅನಿಸಿದ್ದು: ಎರಡನೇ ಅರ್ಧ ಸಪ್ಪೆ. ಆಟದ ಶುರುವಿನಲ್ಲಿ ಕಾಡಿದೆ, ಬೆನ್ನುಬಿಡದ ದೊಡ್ಡ ಜೇಡ ಇದೆ. ಮರದಲ್ಲಿ ಸಿಕ್ಕಿಕೊಂಡ ಬೋನನ್ನು ಬೀಳಿಸಿ, ಎಳೆದು ತಂದು, ಜೇಡನ ಕಾಲು ಅದರಲ್ಲಿ ಸಿಗುವ ಹಾಗೆ ಮಾಡಬೇಕು. ಪಜಲ್ ಮತ್ತು ಭಯ ಅಲ್ಲಿ ಬೇರೆ ಬೇರೆಯಲ್ಲ. ಆಮೇಲೆ ಕಾಡು ಮುಗಿದು ಕಾರ್ಖಾನೆ ಬರುತ್ತದೆ. ಹಲ್ಲಿನ ಚಕ್ರ, ವಿದ್ಯುತ್ತು, ತಿರುಗುವ ಕೋಣೆ, ತಲೆಕೆಳಗಾಗುವ ಗುರುತ್ವ. ಪಜಲ್‌ಗಳು ಜಾಣವಾಗುತ್ತವೆ, ಎದೆಬಡಿತ ಮಾತ್ರ ಇಳಿಯುತ್ತದೆ. ಭಯಕ್ಕಾಗಿ ಬಂದವರಿಗೆ ಮೊದಲರ್ಧ, ತಲೆ ಓಡಿಸಲು ಬಂದವರಿಗೆ ಎರಡನೆಯದು ಅಂತ ಇಟ್ಟುಕೊಳ್ಳಿ.

ಕತೆಯೇ ಇಲ್ಲ ಅನ್ನುವ ನಾಲ್ಕನೆಯ ದೂರು ಒಂದಿದೆ. ತಂಗಿಗೆ ಏನಾಯಿತೋ ಗೊತ್ತಿಲ್ಲದೆ ಹುಡುಗನೊಬ್ಬ ಲಿಂಬೊಗೆ ಬರುತ್ತಾನೆ. ಇಷ್ಟೇ ಕತೆ. ಇದಕ್ಕಿಂತ ಜಾಸ್ತಿ ಬೇಕಿದ್ದರೆ ಈ ಇಡೀ ಜಾತಿಯ ಆಟಗಳೇ ನಿಮಗೆ ಕಷ್ಟ.

ಇನ್‌ಸೈಡ್: ಮೆತ್ತಗೆ ಕೈಹಿಡಿದು ನಡೆಸುವ ಆಟ

ಅದೇ ಪ್ಲೇಡೆಡ್, ಅದೇ ನಿರ್ದೇಶಕ, ಆರು ವರ್ಷದ ನಂತರ. 2016ರ ಜೂನ್ ಕೊನೆಗೆ ಎಕ್ಸ್‌ಬಾಕ್ಸ್ ಒನ್‌ಗೆ ಬಂತು, ಮುಂದಿನ ತಿಂಗಳು ಪಿಸಿಗೆ. ಎಕ್ಸ್‌ಬಾಕ್ಸ್ ಒನ್ ಆವೃತ್ತಿಗೆ 93. ಗೇಮ್ ವಿಮರ್ಶೆಯ ತಾಣ ಐಜಿಎನ್ ಹತ್ತಕ್ಕೆ ಹತ್ತು ಕೊಟ್ಟಿತು. 2017ರಲ್ಲಿ ಬ್ರಿಟನ್ನಿನ ನಾಲ್ಕು ಬಾಫ್ಟಾ ಪ್ರಶಸ್ತಿ ಬಂದವು, ಅದರಲ್ಲಿ ಗೇಮ್ ಡಿಸೈನ್ ಮತ್ತು ಕಥನ ಎರಡೂ ಇದ್ದವು. ಒಂದೇ ಒಂದು ಮಾತೂ ಇಲ್ಲದ ಆಟಕ್ಕೆ ಕಥನದ ಪ್ರಶಸ್ತಿ! ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಅಂದರೆ ಇದೇ. ಇಷ್ಟು ಹೊಗಳಿಕೆ ಓದಿ ಆಡಲು ಕೂತವರಲ್ಲಿ ಕೆಲವರು, ಇಷ್ಟೇನಾ ಅಂತ ಎದ್ದಿದ್ದೂ ಉಂಟು.

ಹಾಗೆ ಎದ್ದವರ ದೂರು ಹೆಚ್ಚಾಗಿ ಒಂದೇ: ಪಜಲ್‌ಗಳು ಲಿಂಬೊಗಿಂತ ಸುಲಭ. ಇದು ನಿಜ. ಇನ್‌ಸೈಡ್‌ನಲ್ಲಿ ಒಂದೇ ಜಾಗದಲ್ಲಿ ತುಂಬಾ ಹೊತ್ತು ಸಿಕ್ಕಿಹಾಕಿಕೊಳ್ಳುವುದು ಅಪರೂಪ. ಆದರೆ ಅದು ಬೇಕಂತಲೇ ಮಾಡಿದ್ದು. ಲಿಂಬೊದಲ್ಲಿ ನೀವು ನಿಂತು ಯೋಚಿಸುತ್ತೀರಿ, ಇಲ್ಲಿ ನಡೆಯುತ್ತಲೇ ಇರುತ್ತೀರಿ. ನಾಯಿಗಳು ಅಟ್ಟಿಸಿಕೊಂಡು ಬರುವ ಜಾಗದಲ್ಲಿ ಬೇಲಿ ಹತ್ತಲು ಅರ್ಧ ಸೆಕೆಂಡಿನ ಅಂತರ ಉಳಿದಿರುತ್ತದೆ. ಪ್ರತಿ ಸಲವೂ ಈಗಷ್ಟೇ ಬಚಾವಾದೆ ಅನಿಸುವ ಹಾಗೆ ಅಳೆದು ತೂಗಿ ಮಾಡಿದ್ದಾರೆ.

ನನಗೆ ಇಡೀ ಆಟದ ಗುಟ್ಟು ಇರುವುದು ಒಂದು ಸಾಲಿನ ದೃಶ್ಯದಲ್ಲಿ. ಮನಸ್ಸು ಕಳೆದುಕೊಂಡ ಜನ ಸಾಲಾಗಿ ನಡೆಯುತ್ತಿದ್ದಾರೆ, ಕಾವಲಿನವರು ನೋಡುತ್ತಿದ್ದಾರೆ. ಹುಡುಗನೂ ಆ ಸಾಲಿನಲ್ಲಿ ಸೇರಿಕೊಳ್ಳಬೇಕು. ಅವರು ನಡೆದರೆ ನಡೆಯಬೇಕು, ನಿಂತರೆ ನಿಲ್ಲಬೇಕು, ಹಾರಿದರೆ ಹಾರಬೇಕು. ಚೂರು ತಪ್ಪಿದರೆ ಹಿಡಿಯುತ್ತಾರೆ. ಪಜಲ್ ಅಂತ ನೋಡಿದರೆ ಇದರಲ್ಲಿ ಏನೂ ಇಲ್ಲ, ಸಣ್ಣ ಮಗುವೂ ಮಾಡುತ್ತದೆ. ಆದರೆ ನಿಮ್ಮ ಬೆರಳುಗಳೇ ಆಜ್ಞೆ ಪಾಲಿಸುತ್ತಿವೆ ಅನ್ನುವುದು ಅರ್ಥವಾದಾಗ ಮೈ ಜುಮ್ಮೆನ್ನುತ್ತದೆ. ಇದನ್ನು ಸುಲಭ ಅಂತ ದೂರುವವರಿಗೂ, ಇದನ್ನೇ ಮೆಚ್ಚುವವರಿಗೂ ಬೇಕಾಗಿದ್ದು ಬೇರೆ ಬೇರೆ ಆಟ.

ಸೌಂಡ್ ಬಗ್ಗೆ ಒಂದು ಮಾತು. ಎರಡೂ ಆಟಕ್ಕೆ ಶಬ್ದ ಮಾಡಿದವರು ಮಾರ್ಟಿನ್ ಸ್ಟಿಗ್ ಆಂಡರ್ಸನ್. ಇನ್‌ಸೈಡ್‌ಗಾಗಿ ಅವರು ಶಬ್ದಗಳನ್ನು ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ ರೆಕಾರ್ಡ್ ಮಾಡಿದರು. ನಮ್ಮ ಧ್ವನಿ ನಮ್ಮ ತಲೆಯೊಳಗೆ ಕೇಳುವ ಥರದ ಮಂದ ಶಬ್ದ ಅದರಿಂದ ಬಂತು. ಲ್ಯಾಪ್‌ಟಾಪಿನ ಸ್ಪೀಕರ್‌ನಲ್ಲಿ ಇದು ದಂಡ, ಹೆಡ್‌ಫೋನ್ ಬೇಕೇ ಬೇಕು.

ಕೊನೆಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಕೆಲವರಿಗೆ ಅದು ಆಟದ ಅತಿ ದೊಡ್ಡ ಧೈರ್ಯ, ಕೆಲವರಿಗೆ ಕೈಕೊಟ್ಟ ಹಾಗೆ. ಎಲ್ಲವೂ ಬಿಡಿಸಿ ಹೇಳಿ ಮುಗಿಯಬೇಕು ಅನ್ನುವವರು ಗೊಣಗುವುದು ಖಂಡಿತ.

ಎರಡನ್ನೂ ಆಡುವ ಮನಸ್ಸಿದ್ದರೆ ಲಿಂಬೊ ಮೊದಲು. ಇನ್‌ಸೈಡ್ ಆಡಿ ಲಿಂಬೊಗೆ ಹಿಂದಿರುಗಿದವರಿಗೆ ಅದು ಒರಟು ಅನಿಸುವ ಸಾಧ್ಯತೆ ಜಾಸ್ತಿ. ಒಂದೇ ಸಾಕು ಅನ್ನುವವರು ಕಣ್ಣು ಮುಚ್ಚಿಕೊಂಡು ಇನ್‌ಸೈಡ್ ತೆಗೆದುಕೊಳ್ಳಿ.

ಸ್ಕೋರ್ ಬಗ್ಗೆ ಸ್ವಲ್ಪ

90, 93 ಅಂತ ಹೇಳಿದೆನಲ್ಲ, ಅದನ್ನು ಎಷ್ಟು ನಂಬಬೇಕು? ಇನ್‌ಸೈಡ್‌ನ ಪಿಸಿ ಆವೃತ್ತಿಯ ಮೆಟಾಕ್ರಿಟಿಕ್ ಸ್ಕೋರ್ 87. ಪ್ಲೇಸ್ಟೇಷನ್ 4ಕ್ಕೆ 91. ಅದೇ ಹುಡುಗ, ಅದೇ ನಾಯಿಗಳು, ಅದೇ ಕೊನೆ. ಮೆಟಾಕ್ರಿಟಿಕ್ ಒಂದೊಂದು ಸಾಧನಕ್ಕೂ ಬೇರೆ ಲೆಕ್ಕ ಇಡುತ್ತದೆ, ಒಂದೊಂದರಲ್ಲಿ ಬರೆದವರು ಬೇರೆ. ಹಾಗಾಗಿ ನಾಲ್ಕೈದು ಅಂಕದ ಅಂತರ ನೋಡಿ ಈ ಆಟ ಮೇಲು, ಆ ಆಟ ಕೀಳು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಸರಳ ಸರಾಸರಿಯೂ ಅಲ್ಲ. ಕೆಲವು ಪತ್ರಿಕೆಗಳ ಮಾತಿಗೆ ಹೆಚ್ಚು ತೂಕ ಕೊಡುತ್ತಾರೆ, ಯಾರಿಗೆ ಎಷ್ಟು ಅನ್ನುವುದನ್ನು ಬಹಿರಂಗ ಮಾಡುವುದಿಲ್ಲ. ಅಂಕ ಕೊಡದೆ ಬರೆದ ಒಳ್ಳೊಳ್ಳೆ ವಿಮರ್ಶೆಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಗೇಮ್ ವಿಮರ್ಶೆಯ ಇನ್ನೊಂದು ತಾಣ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿ, 2023ರಲ್ಲಿ ನಕ್ಷತ್ರಗಳ ರೂಪದಲ್ಲಿ ಮತ್ತೆ ಶುರು ಮಾಡಿತು. ಆ ನಡುವಿನ ವರ್ಷಗಳ ಅವರ ಅಭಿಪ್ರಾಯ ಬೇಕಿದ್ದರೆ ಓದಲೇಬೇಕು, ಬೇರೆ ದಾರಿ ಇಲ್ಲ.

ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕಾಣುವ ಶೇಕಡಾ ಲೆಕ್ಕ ಬೇರೆಯೇ ಜಾತಿ. ಅಲ್ಲಿ 95 ಅಂದರೆ ನೂರಕ್ಕೆ 95 ಜನ ಹೆಬ್ಬೆರಳು ಮೇಲೆ ಮಾಡಿದ್ದಾರೆ ಅಂತ ಅಷ್ಟೇ. ಪರವಾಗಿಲ್ಲ ಅಂದವನೂ, ಪ್ರಾಣ ಬಿಡುವಷ್ಟು ಇಷ್ಟಪಟ್ಟವನೂ ಅಲ್ಲಿ ಒಂದೇ. ಅದನ್ನು ಮೆಟಾಕ್ರಿಟಿಕ್‌ನ 95ರ ಪಕ್ಕ ಇಟ್ಟು ಹೋಲಿಸಬಾರದು. ಆದರೆ ಅಲ್ಲಿ ಒಂದು ಅನುಕೂಲ ಇದೆ. ಬೇಡ ಅಂದವರ ರಿವ್ಯೂ ಮಾತ್ರ ಆರಿಸಿ ಓದಬಹುದು, ಅವರು ಎಷ್ಟು ಗಂಟೆ ಆಡಿದ್ದಾರೆ ಅಂತಲೂ ಕಾಣುತ್ತದೆ. ಮೂರು ಗಂಟೆಯ ಆಟವನ್ನು ಪೂರ್ತಿ ಮುಗಿಸಿ ಬೈದವನ ಮಾತು ಕೇಳಿ. ಹದಿನೈದು ನಿಮಿಷ ಆಡಿ ಬೈದವನದು ಬಿಡಿ.

ಲಿಟಲ್ ನೈಟ್‌ಮೇರ್ಸ್: ಭಯ ಸರಿ, ಕಾಲು ಜಾರುತ್ತದೆ

ಸ್ವೀಡನ್ನಿನ ಮಾಲ್ಮೊದ ಟಾರ್ಸಿಯರ್ ಸ್ಟುಡಿಯೋಸ್ 2017ರ ಏಪ್ರಿಲ್‌ನಲ್ಲಿ ತಂದ ಆಟ. ಹಳದಿ ರೇನ್‌ಕೋಟ್ ಹಾಕಿಕೊಂಡ ಸಿಕ್ಸ್ ಎಂಬ ಪುಟ್ಟ ಹುಡುಗಿ, ಮಾ ಎಂಬ ದೈತ್ಯ ಹಡಗಿನಂಥ ಜಾಗದಿಂದ ತಪ್ಪಿಸಿಕೊಳ್ಳಬೇಕು. ವಿಮರ್ಶಕರ ಅಂಕ 80ರ ಆಸುಪಾಸು. ರಾಕ್ಷಸರ ಕಲ್ಪನೆಯನ್ನು ಎಲ್ಲರೂ ಕೊಂಡಾಡಿದರು. ಕಣ್ಣು ಕಾಣದ, ಆದರೆ ಉದ್ದುದ್ದ ಕೈ ಚಾಚಿ ತಡಕಾಡುವ ಕಾವಲುಗಾರನನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅವನ ಕಿವಿ ಚುರುಕು. ಕಿರ್ ಎನ್ನುವ ಹಲಗೆಯ ಮೇಲೆ ಕಾಲಿಟ್ಟರೆ ಕತೆ ಮುಗಿಯಿತು.

ದೂರು ಇದ್ದದ್ದು ನಡೆದಾಟದ ಬಗ್ಗೆ. ಲಿಂಬೊ, ಇನ್‌ಸೈಡ್‌ನಲ್ಲಿ ಎಡ-ಬಲ ಮಾತ್ರ. ಇಲ್ಲಿ ಒಳಕ್ಕೂ ಹೊರಕ್ಕೂ ನಡೆಯಬಹುದು. ಕ್ಯಾಮೆರಾ ಮಾತ್ರ ಪಕ್ಕದಿಂದಲೇ ನೋಡುತ್ತದೆ. ಹಾಗಾಗಿ ಸಣ್ಣ ತೊಲೆಯ ಮೇಲೆ ನಡೆಯುವಾಗ ನಡುವೆ ಇದ್ದೀರೋ ಅಂಚಿನಲ್ಲಿದ್ದೀರೋ ತಿಳಿಯದೆ ಬೀಳುತ್ತೀರಿ. ಸತ್ತ ಮೇಲೆ ಮತ್ತೆ ಶುರುವಾಗುವ ಜಾಗ, ಅಂದರೆ ಚೆಕ್‌ಪಾಯಿಂಟ್, ಕೆಲವೆಡೆ ದೂರ, ಆಗಿನ ಕನ್ಸೋಲ್‌ಗಳಲ್ಲಿ ಲೋಡಿಂಗ್ ನಿಧಾನ. ಲೋಡಿಂಗ್ ತಾಪತ್ರಯ ಈಗಿನ ವೇಗದ ಯಂತ್ರಗಳಲ್ಲಿ ಕಮ್ಮಿ. ಕಾಲು ಜಾರುವುದು ಹಾಗೇ ಇದೆ. ಲಿಂಬೊದಲ್ಲಿ ಸತ್ತರೆ ಆಟ ನಿಮ್ಮನ್ನು ಏಮಾರಿಸಿತು ಅನಿಸುತ್ತದೆ, ಇಲ್ಲಿ ಸತ್ತರೆ ಕ್ಯಾಮೆರಾ ಏಮಾರಿಸಿತು ಅನಿಸುತ್ತದೆ. ಎರಡನೆಯದು ಜಾಸ್ತಿ ಸಿಟ್ಟು ತರಿಸುತ್ತದೆ.

2021ರಲ್ಲಿ ಬಂದ ಎರಡನೇ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬಂತು. ಅಲ್ಲಿ ದೂರು ಹೊಡೆದಾಟದ ಬಗ್ಗೆ: ಸುತ್ತಿಗೆ ಎತ್ತಿ ಬೀಸುವುದು ನಿಧಾನ, ಹೊತ್ತು ತಪ್ಪಿದರೆ ಮತ್ತೆ ಮೊದಲಿಂದ. ಮೂರನೆಯದು 2025ರಲ್ಲಿ ಬಂತು, ಮಾಡಿದ್ದು ಸೂಪರ್‌ಮ್ಯಾಸಿವ್ ಎಂಬ ಬೇರೆ ಸ್ಟುಡಿಯೋ. ಇಬ್ಬರು ಸೇರಿ ಆಡಬಹುದು, ಆದರೆ ಆನ್‌ಲೈನ್‌ನಲ್ಲಿ ಮಾತ್ರ. ಒಂದೇ ಸೋಫಾದಲ್ಲಿ ಕೂತು ಆಡುವ ಆಸೆ ಇದ್ದವರಿಗೆ ಇದು ನಿರಾಸೆ. ಭಯವೇ ಮುಖ್ಯ ಅನ್ನುವವರು ಎರಡನೆಯದರಿಂದ ಶುರು ಮಾಡಿದರೂ ನಡೆಯುತ್ತದೆ, ಅದರ ಕತೆ ಮೊದಲನೆಯದಕ್ಕಿಂತ ಹಿಂದಿನದು.

ಗ್ರಿಸ್: ಸಾವೇ ಇಲ್ಲ

ಇದು ಉಳಿದವುಗಳಿಗೆ ಪೂರ್ತಿ ಉಲ್ಟಾ. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೋ 2018ರ ಡಿಸೆಂಬರ್‌ನಲ್ಲಿ ತಂದಿತು. ಚಿತ್ರ ಕಾನ್ರಾಡ್ ರೊಸೆಟ್ ಅವರದು, ಸಂಗೀತ ಬರ್ಲಿನಿಸ್ಟ್ ತಂಡದ್ದು. ಬಣ್ಣ ಕಳೆದುಕೊಂಡ ಲೋಕಕ್ಕೆ ಕೆಂಪು, ಹಸಿರು, ನೀಲಿ, ಹಳದಿ ಒಂದೊಂದಾಗಿ ಮರಳುತ್ತವೆ. ನಾಯಕಿಯ ಉಡುಪೇ ಅವಳ ಸಾಧನ. ಬಿರುಗಾಳಿ ತಳ್ಳುವಾಗ ಅದು ಭಾರದ ಕಲ್ಲಾಗುತ್ತದೆ, ಅವಳು ನೆಲಕ್ಕಂಟಿ ನಿಲ್ಲುತ್ತಾಳೆ. ಗಾಳಿ ನಿಂತಾಗ ಮತ್ತೆ ಹೆಜ್ಜೆ. ದುಃಖದ ಬಗ್ಗೆ ಒಂದು ಮಾತೂ ಆಡದೆ ಅದನ್ನು ಕೈಗೆ ತಾಗಿಸುವ ಜಾಗ ಇದು. 2019ರ ದ ಗೇಮ್ ಅವಾರ್ಡ್ಸ್‌ನಲ್ಲಿ ಗೇಮ್ಸ್ ಫಾರ್ ಇಂಪ್ಯಾಕ್ಟ್ ಪ್ರಶಸ್ತಿ ಇದಕ್ಕೇ ಸಿಕ್ಕಿತು.

ಸ್ಕೋರ್ 80ಕ್ಕಿಂತ ಸ್ವಲ್ಪ ಮೇಲೆ. ದೂರು: ನೋಡಲು ಚಂದ, ಆಡಲು ತೆಳು. ಇಲ್ಲಿ ಸಾಯಲು ಆಗುವುದೇ ಇಲ್ಲ. ಸೋಲಿಲ್ಲದ ಮೇಲೆ ಗೆದ್ದ ಖುಷಿ ಎಲ್ಲಿಂದ ಬರಬೇಕು ಅಂತ ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನಗೂ ನಡುವೆ ಒಂದೆರಡು ಕಡೆ ಬರೀ ಬಲಗುಂಡಿ ಒತ್ತಿ ಚಿತ್ರ ನೋಡುತ್ತಿದ್ದೇನೆ ಅನಿಸಿತು. ಆದರೆ ಗೇಮ್‌ಪ್ಯಾಡ್ ಹಿಡಿದೇ ಗೊತ್ತಿಲ್ಲದವರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಮೊದಲ ಆಟ ಇಲ್ಲ. ಭಯದ ಆಟ ಬೇಡ ಅನ್ನುವವರಿಗೂ ಇದೇ. ಒಂದು ಎಚ್ಚರಿಕೆ: ಕಪ್ಪು ಹಕ್ಕಿ ಅಟ್ಟಿಸಿಕೊಂಡು ಬರುವ ಭಾಗಗಳಿವೆ, ತೀರಾ ಚಿಕ್ಕ ಮಕ್ಕಳು ಹೆದರಬಹುದು.

ಬ್ರೇಡ್: ತಲೆಗೆ ಮಾತ್ರ

ವಾತಾವರಣಕ್ಕಿಂತ ಪಜಲ್ ಮುಖ್ಯ ಅನ್ನುವವರು ಮೇಲಿನದ್ದನ್ನೆಲ್ಲ ಬಿಟ್ಟು ಇಲ್ಲಿಗೆ ಬರಬಹುದು. ಜೊನಾಥನ್ ಬ್ಲೋ ಅವರ ಬ್ರೇಡ್ 2008ರ ಆಗಸ್ಟ್‌ನಲ್ಲಿ ಬಂತು, ಎಕ್ಸ್‌ಬಾಕ್ಸ್ 360ರಲ್ಲಿ 93 ಪಡೆಯಿತು. ಇಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸಬಹುದು. ಸತ್ತರೆ ಗುಂಡಿ ಒತ್ತಿ ಹಿಂದೆ ಹೋದರಾಯಿತು. ಅಷ್ಟೇ ಆಗಿದ್ದರೆ ಇದೇನು ಮಹಾ? ಆದರೆ ಪ್ರತಿ ಲೋಕದಲ್ಲೂ ನಿಯಮ ಬದಲಾಗುತ್ತದೆ. ಒಂದರಲ್ಲಿ ಹಸಿರಾಗಿ ಹೊಳೆಯುವ ವಸ್ತುಗಳಿಗೆ ನಿಮ್ಮ ಹಿಂದಿರುಗುವಿಕೆ ತಟ್ಟುವುದೇ ಇಲ್ಲ. ಇನ್ನೊಂದರಲ್ಲಿ ನೀವು ಬಲಕ್ಕೆ ನಡೆದರೆ ಕಾಲ ಮುಂದೆ, ಎಡಕ್ಕೆ ನಡೆದರೆ ಕಾಲ ಹಿಂದೆ. ಒಂದು ಉಪಾಯ ಹೊಳೆಯಲು ಅರ್ಧ ಗಂಟೆ ಹಿಡಿದರೂ ಆಟ ಸುಳಿವು ಕೊಡುವುದಿಲ್ಲ.

ದೂರು ಬಂದದ್ದು ಆಟದ ಮಧ್ಯೆ ಪುಸ್ತಕಗಳಲ್ಲಿ ಬರುವ ಬರಹದ ಮೇಲೆ. ಅದು ಆಳವಾದದ್ದು ಅಂತ ಕೆಲವರು, ಬರೀ ದೊಡ್ಡಸ್ತಿಕೆ ಅಂತ ಕೆಲವರು. ಓದದೆ ದಾಟಿದರೂ ಪಜಲ್‌ಗೆ ಏನೂ ಕೊರತೆ ಆಗುವುದಿಲ್ಲ. ಈಗ ಆಡುವುದಾದರೆ 2024ರ ಆ್ಯನಿವರ್ಸರಿ ಆವೃತ್ತಿ ತೆಗೆದುಕೊಳ್ಳಿ. ಚಿತ್ರಗಳನ್ನು ಹೊಸದಾಗಿ ಬಿಡಿಸಿದ್ದಾರೆ, ಆಟ ಮಾಡಿದವರ ವಿವರಣೆಯೂ ಧಾರಾಳವಾಗಿದೆ.

ಇದೇ ಸಾಲಿನಲ್ಲಿ 2012ರ ಫೆಜ್ ಇದೆ. ಎರಡು ಆಯಾಮದ ಲೋಕವನ್ನು ಗಿರ್ರನೆ ತಿರುಗಿಸಿ ದಾರಿ ಹುಡುಕುವ ಆಟ. ನಕ್ಷೆ ಗೊಂದಲ ಅನ್ನುವುದು ಹಳೆಯ ದೂರು, ಈಗಲೂ ನಿಜ. ಪೆನ್ನು-ಹಾಳೆ ಇಟ್ಟುಕೊಂಡು ಗುಪ್ತಲಿಪಿ ಬಿಡಿಸುವ ಹುಚ್ಚಿದ್ದವರಿಗೆ ಹಬ್ಬ.

ಪ್ಲೇಡೆಡ್‌ನಿಂದ ಹೊರಟವರು

ಪ್ಲೇಡೆಡ್‌ನ ಸಹಸ್ಥಾಪಕ ಡೀನೊ ಪಟ್ಟಿ ಹೊರಬಂದು ಕಟ್ಟಿದ ಜಂಪ್‌ಶಿಪ್ ಸ್ಟುಡಿಯೋ, 2022ರಲ್ಲಿ ಸಮರ್‌ವಿಲ್ ಎಂಬ ಆಟ ತಂದಿತು. ಇನ್‌ಸೈಡ್ ಮಾಡಿದವರ ಆಟ ಅಂತ ಜನ ಕಾದರು, ವಿಮರ್ಶಕರಿಂದ ಬಂದದ್ದು ಮಿಶ್ರ ಮಾತು. ನಡೆದಾಟ ಎಳೆದೆಳೆದು, ಎಲ್ಲಿ ಹೋಗಬೇಕೆಂಬುದು ಮಸುಕು. ಇನ್ನೊಂದೆಡೆ, ಲಿಂಬೊ ಮತ್ತು ಇನ್‌ಸೈಡ್‌ನ ಪಜಲ್‌ಗಳ ಹಿಂದಿದ್ದ ಯೆಪ್ಪೆ ಕಾರ್ಲ್ಸೆನ್ 2023ರಲ್ಲಿ ಕಕೂನ್ ತಂದರು, ಅದನ್ನು ವಿಮರ್ಶಕರು ತಲೆಮೇಲೆ ಹೊತ್ತರು. ಅದು ಲಿಂಬೊದಂತೆ ಹಾರಿ ಹತ್ತಿ ಸಾಗುವ ಪ್ಲಾಟ್‌ಫಾರ್ಮರ್ ಅಲ್ಲ, ಮೇಲಿನಿಂದ ನೋಡುವ ಆಟ, ಹಾರುವ ಗುಂಡಿಯೇ ಇಲ್ಲ. ಆದರೂ ಲಿಂಬೊದ ಎರಡನೇ ಅರ್ಧ ಇಷ್ಟವಾಗಿದ್ದರೆ ನಿಮ್ಮ ಮುಂದಿನ ಆಟ ಇದೇ. ಇನ್‌ಸೈಡ್‌ನ ಓಟ ಇಷ್ಟ, ಕತ್ತಲೆ ಬೇಡ ಅನ್ನುವವರು 2023ರ ಪ್ಲಾನೆಟ್ ಆಫ್ ಲಾನಾ ನೋಡಿ. ಹೊಸತೇನಿಲ್ಲ ಅನ್ನುವುದು ಅದರ ಮೇಲಿನ ದೂರು. ಹೊಸತೇ ಬೇಕು ಅಂತ ಹಟ ಇಲ್ಲದವರಿಗೆ ಅದು ದೂರೇ ಅಲ್ಲ.

ಇಷ್ಟಾಗಿಯೂ ಅನುಮಾನ ಉಳಿದರೆ, ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇವುಗಳಲ್ಲಿ ಹೆಚ್ಚಿನವು ಮೂರ್ನಾಲ್ಕು ಗಂಟೆಯ ಆಟಗಳು, ಮೊದಲ ಒಂದು ಗಂಟೆಯಲ್ಲೇ ನಿಮಗೆ ಹೊಂದುತ್ತೋ ಇಲ್ಲವೋ ತಿಳಿದುಹೋಗುತ್ತದೆ. ಬ್ರೇಡ್‌ಗೆ ಮಾತ್ರ ಇನ್ನಷ್ಟು ಹೊತ್ತು ಕೊಡಿ, ಅದರ ನಿಜವಾದ ಆಟ ಶುರುವಾಗುವುದು ಹಸಿರು ಹೊಳಪಿನ ವಸ್ತುಗಳು ಬಂದ ಮೇಲೆ.